ಎರಡು ನಿಮಿಷದ ಹಿಮನದಿ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ವಸ್ತುಸಂಗ್ರಹಾಲಯದ ಹಿಮನದಿ ಮೊದಲ ಸಲ ಹರಿಯಿತು. ಅದು ಏನನ್ನೂ ಸವೆಸಲಿಲ್ಲ.

ಹಿಮನದಿ ಅಂದರೆ ಮಂಚದಷ್ಟು ದೊಡ್ಡ ಕಬ್ಬಿಣದ ಚೌಕಟ್ಟು. ಒಳಗೆ ಎರಡು ಹಳಿ, ಒಂದು ಮೋಟರು, ಒಂದು ಮಂಜುಗಡ್ಡೆ. ಗಡ್ಡೆಯ ಬೆನ್ನ ಮೇಲೆ ಸೀಸದ ತೂಕ ಹೇರಿದೆ, ಹೊಟ್ಟೆಯ ಅಡಿಯಲ್ಲಿ ಅಮೃತಶಿಲೆಯ ಚಪ್ಪಡಿ ಹಾಸಿದೆ. ಹಸಿರು ಗುಂಡಿ ಒತ್ತಿದರೆ ಗಡ್ಡೆ ಎರಡು ನಿಮಿಷ ತೆವಳಿ ಆಚೆ ತುದಿ ಮುಟ್ಟಬೇಕು, ಹಿಂದೆ ಗೀರುಗಳು ಉಳಿಯಬೇಕು. ಆದಿಕಾಲದ ಬಂಡೆಯನ್ನು ಹಿಮ ಹೇಗೆ ತೇಯ್ದುಹಾಕಿತು ಎಂಬುದು ನೋಡುವವರಿಗೆ ನಿಂತ ನಿಲುವಿನಲ್ಲೇ ತಿಳಿಯಬೇಕು. ಇದು ನಿರ್ದೇಶಕರ ಕಲ್ಪನೆ. ಲಕ್ಷಾಂತರ ವರ್ಷದ ಕೆಲಸಕ್ಕೆ ಎರಡೇ ನಿಮಿಷ ಯಾಕೆ ಎಂದು ಕೇಳಿದ್ದಕ್ಕೆ, ಜನ ಅದಕ್ಕಿಂತ ಹೆಚ್ಚು ಹೊತ್ತು ಒಂದು ಕಡೆ ನಿಲ್ಲುವುದಿಲ್ಲ ಎಂದಿದ್ದರು. ಆ ವಾರ ಅವರು ಆಡಿದ ಮಾತುಗಳಲ್ಲಿ ನಿಜವಾದದ್ದು ಇದೊಂದೇ.

ಗಡ್ಡೆ ಆಚೆ ತುದಿ ಮುಟ್ಟಿತು. ಹಿಂದೆ ಉಳಿದದ್ದು ನೀರು. ಮೆಕ್ಯಾನಿಕ್ ಬಗ್ಗಿ ಅದನ್ನು ಬಟ್ಟೆಯಲ್ಲಿ ಒರೆಸಿದ. ಚಪ್ಪಡಿ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ನೆಲ ಒರೆಸೋಕೆ ಒಳ್ಳೇ ಮಿಷನ್ನು ಸಾರ್," ಎಂದ.

ಯಾರೂ ನಗಲಿಲ್ಲ. ನಿರ್ದೇಶಕರು ಅಲ್ಲೇ ನಿಂತಿದ್ದರು.

ಹೀಗೇ ಆಗುತ್ತದೆ ಎಂದು ಭೂವಿಜ್ಞಾನಿ ಮೂರು ವಾರದಿಂದ ಹೇಳುತ್ತಲೇ ಬಂದಿದ್ದಳು. ಅವಳು ಆ ಕಟ್ಟಡದ ಏಕೈಕ ಭೂವಿಜ್ಞಾನಿ, ಜೊತೆಗೆ ನಿರ್ದೇಶಕರ ನಾದಿನಿ. ಎರಡನೆಯ ವಿಷಯ ಸಿಬ್ಬಂದಿಗೆಲ್ಲ ಗೊತ್ತಿತ್ತು, ಮೊದಲನೆಯದನ್ನು ಅವರಲ್ಲಿ ಅರ್ಧ ಜನ ಮರೆತಿದ್ದರು. ಭಾವನ ಶಿಫಾರಸಿನಿಂದ ಸೇರಿದವಳು ಎಂಬುದು ಕ್ಯಾಂಟೀನಿನ ತೀರ್ಪು. ವಾಸ್ತವದಲ್ಲಿ ಅವಳು ಕೆಲಸಕ್ಕೆ ಸೇರಿ ಎಂಟು ವರ್ಷವಾದ ಮೇಲೆ ಭಾವ ಅಲ್ಲಿಗೆ ವರ್ಗವಾಗಿ ಬಂದದ್ದು. ಅದಕ್ಕೆ ಮುಂಚೆ ಅವರು ವಸ್ತುಪ್ರದರ್ಶನಗಳ ಮಂಡಳಿಯಲ್ಲಿದ್ದರು. ಹೂವು, ಸೋಫಾ, ಟ್ರ್ಯಾಕ್ಟರು ಎಲ್ಲವನ್ನೂ ಚೆನ್ನಾಗಿ ಜೋಡಿಸಿಡುವುದರಲ್ಲಿ ಎತ್ತಿದ ಕೈ. ಬಂಡೆಯನ್ನೂ ಜೋಡಿಸಿಡುವ ವಸ್ತು ಎಂದೇ ತಿಳಿದಿದ್ದರು. ಕಚೇರಿಯಲ್ಲಿ ಅವಳು ಅವರನ್ನು ಸಾರ್ ಎನ್ನಬೇಕು, ಅವರು ಅವಳನ್ನು ಮೇಡಂ ಎನ್ನಬೇಕು ಎಂಬ ನಿಯಮ ಮಾಡಿದವರು ಅವರೇ. ಅದನ್ನು ಮುರಿಯುತ್ತಿದ್ದವರೂ ಅವರೇ.

ಮೊದಲ ಗಡ್ಡೆಯನ್ನು ಅವಳೇ ತಯಾರು ಮಾಡಿಸಿದ್ದಳು. ತಳದಲ್ಲಿ ಒಡೆದ ಕಲ್ಲು, ಮರಳು, ಜಲ್ಲಿಚೂರು ತುಂಬಿ ಅದರ ಮೇಲೆ ನೀರು ಹೆಪ್ಪುಗಟ್ಟಿಸಿದ ಬೂದು ಬಣ್ಣದ ಗಡ್ಡೆ. ನಿರ್ದೇಶಕರು ಅದನ್ನು ಕಂಡು ಮೂಗು ಮುರಿದರು. ಚರಂಡಿಯಿಂದ ಎತ್ತಿಕೊಂಡು ಬಂದ ಹಾಗಿದೆ, ಟಿವಿಯವರು ಬರುತ್ತಾರೆ, ಇದನ್ನು ತೋರಿಸಿದರೆ ಸಂಸ್ಥೆಯ ಮಾನ ಹೋಗುತ್ತದೆ ಎಂದರು. ಹೋಟೆಲುಗಳ ಸಮಾರಂಭಕ್ಕೆ ಮಂಜಿನ ಹಂಸ ಕೆತ್ತುವವರಿಗೆ ಗಡ್ಡೆ ಕೊಡುವ ಕಾರ್ಖಾನೆಯೊಂದಿತ್ತು. ಅಲ್ಲಿಂದ ಗಾಜಿನಂಥ ಗಡ್ಡೆ ತರಿಸಿದರು. ಆಚೆ ಬದಿಯಲ್ಲಿ ಹಿಡಿದ ಪತ್ರಿಕೆಯನ್ನು ಈಚೆಯಿಂದ ಓದಬಹುದಿತ್ತು.

ಅವಳು ಮತ್ತೆ ಮೊದಲಿನಿಂದ ವಿವರಿಸಿದಳು. ಹಿಮ ಬಂಡೆಗಿಂತ ಮೆತ್ತಗಿನದು. ಅದಾಗಿಯೇ ಅದು ಬಂಡೆಯನ್ನು ಗೀರಲಾರದು. ಹಿಮ ಬಂಡೆಯ ಬಿರುಕಿಗೆ ನೀರಾಗಿ ಇಳಿದು, ಅಲ್ಲಿ ಹೆಪ್ಪುಗಟ್ಟಿ, ಕಲ್ಲನ್ನು ಕಿತ್ತು, ತಳದಲ್ಲಿ ಹಲ್ಲಿನಂತೆ ಹಿಡಿದುಕೊಳ್ಳುತ್ತದೆ. ಮುಂದಿನ ಬಂಡೆಯನ್ನು ಉಜ್ಜುವುದು ಆ ಕಲ್ಲು. ಮೇಲೆ ಬೆಟ್ಟದಷ್ಟು ಹಿಮದ ಭಾರ, ಕೆಳಗೆ ಕಲ್ಲಿಗೆ ಕಲ್ಲು. ಅಷ್ಟಾದರೂ ಗಟ್ಟಿ ಬಂಡೆಯ ಮೇಲೆ ವರ್ಷಕ್ಕೆ ಕೂದಲೆಳೆಯಷ್ಟು ಸವೆದರೆ ಹೆಚ್ಚು. ಹಾಗೇ ಸವೆಯುತ್ತ ಸವೆಯುತ್ತ ಬೆಟ್ಟಗಳು ಚಪ್ಪಟೆಯಾಗಿವೆ, ಕಣಿವೆಗಳು ಬೋಗುಣಿಯಂತಾಗಿವೆ.

"ಕೊಳೆ ಇಲ್ಲದ ಹಿಮನದಿ ಹಲ್ಲಿಲ್ಲದ ಗರಗಸ ಸಾರ್," ಎಂದು ಮುಗಿಸಿದಳು.

"ನೋಡೋಕೆ ಚೆನ್ನಾಗಿರಬೇಕಮ್ಮ," ಎಂದರು ಭಾವ.

ಮಂಗಳವಾರ ಚಪ್ಪಡಿ ಹೊಳೆದದ್ದು ಹೀಗೆ. ಉದ್ಘಾಟನೆ ಶುಕ್ರವಾರ. ಆಹ್ವಾನಪತ್ರ ಹಂಚಿಯಾಗಿತ್ತು. ನಿರ್ದೇಶಕರು ಚೌಕಟ್ಟಿನ ಸುತ್ತ ಎರಡು ಸುತ್ತು ಹಾಕಿದರು, ಆಮೇಲೆ ಅವರಿಗೊಂದು ಯೋಚನೆ ಹೊಳೆಯಿತು. ಹೊಳೆದಾಗ ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಸಿಬ್ಬಂದಿ ಅದನ್ನು ಕಂಡೊಡನೆ ಬೇರೆ ಕೋಣೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದರು.

"ನಿನ್ನ ಕೋಣೇಲಿ ಒಂದು ಕಲ್ಲಿದೆಯಲ್ಲ, ಗೀರು ಬಿದ್ದಿರೋದು. ಅದನ್ನೇ ಕೆಳಗಿಟ್ಟರೆ?"

ಆ ಕಲ್ಲನ್ನು ಅವಳು ಐದು ವರ್ಷದಿಂದ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಊರಾಚೆ ಒಂದು ಬೋಳುಗುಡ್ಡವಿತ್ತು. ಇನ್ನೂರೈವತ್ತು ಕೋಟಿ ವರ್ಷ ಹಳೆಯ ಶಿಲೆ. ಅದರ ನೆತ್ತಿಯ ಮೇಲೆ ಹಿಮದ ಗೀರುಗಳಿದ್ದವು. ಎಲ್ಲ ಗೀರುಗಳೂ ಒಂದೇ ದಿಕ್ಕಿನವು, ಹಿಮ ಅಲ್ಲಿಗೆ ಉತ್ತರದಿಂದ ಒಂದೇ ಸಲ ಬಂದುಹೋಯಿತು ಎಂಬುದು ಪಠ್ಯಪುಸ್ತಕದ ಮಾತು. ಅವಳು ಮಂಡಿಯೂರಿ ನೋಡಿದಾಗ ಆ ಗೀರುಗಳ ಅಡಿಯಲ್ಲಿ ಇನ್ನೂ ಹಳೆಯ, ಮಸುಕಾದ, ಓರೆಯಾದ ಇನ್ನೊಂದು ಸಾಲು ಕಾಣಿಸಿತು. ಹೊಸ ಗೀರು ಹಳೆಯದನ್ನು ಕತ್ತರಿಸಿಕೊಂಡು ಹೋಗಿತ್ತು. ಅಂದರೆ ಹಿಮ ಎರಡು ಸಲ, ಎರಡು ದಿಕ್ಕಿನಿಂದ ಬಂದಿತ್ತು. ಅವಳು ಅದನ್ನು ಬರೆದಳು, ಹಿರಿಯರು ನಂಬಲಿಲ್ಲ. ಬಂದು ನೋಡಿ ಎಂದಳು. ಅವರು ಬರುವಷ್ಟರಲ್ಲಿ ಗುಡ್ಡವನ್ನು ಹೆದ್ದಾರಿಗೆ ಜಲ್ಲಿ ಮಾಡಿಯಾಗಿತ್ತು. ಕ್ರಷರಿನವರ ಕೈಕಾಲು ಹಿಡಿದು ಅವಳು ಕತ್ತರಿಸಿ ತಂದ ಒಂದೇ ಒಂದು ಚಪ್ಪಡಿ ಉಳಿದಿತ್ತು, ಅಗಲದಲ್ಲಿ ಊಟದ ಮೇಜಿನಷ್ಟು. ಐದು ವರ್ಷ ಪತ್ರ ಬರೆದ ಮೇಲೆ ಭೂವಿಜ್ಞಾನಿಗಳ ಸಂಘ ಕೊನೆಗೂ ಇಬ್ಬರು ಸದಸ್ಯರ ಸಮಿತಿಯೊಂದನ್ನು ಕಳಿಸಲು ಒಪ್ಪಿತ್ತು. ಅವರು ಬರುವುದು ಸೋಮವಾರ. ಚಪ್ಪಡಿ ಇದ್ದರೆ ಅವಳ ಮಾತು ಉಳಿಯುತ್ತದೆ, ಇಲ್ಲದಿದ್ದರೆ ಪಠ್ಯಪುಸ್ತಕದ ಮಾತು ಉಳಿಯುತ್ತದೆ.

ಇದೆಲ್ಲ ನಿರ್ದೇಶಕರಿಗೆ ಗೊತ್ತಿತ್ತು. ಮನೆಯ ಊಟದ ಮೇಜಿನಲ್ಲಿ ಹಲವು ಸಲ ಕೇಳಿ, ಹಲವು ಸಲ ಹೂಂಗುಟ್ಟಿದ್ದರು.

ಅವಳು ಕಡ್ಡಿ ಮುರಿದ ಹಾಗೆ ಆಗದು ಎಂದಳು. ಜೊತೆಗೆ ಒಂದು ದಾರಿಯನ್ನೂ ತೋರಿಸಿದಳು: ಅಮೃತಶಿಲೆಯೇ ಇರಲಿ, ಗಡ್ಡೆಯ ತಳಕ್ಕೆ ಮಾತ್ರ ಕಲ್ಲು ಸೇರಿಸಲು ಬಿಡಿ, ಮೇಲ್ಭಾಗ ನಿಮ್ಮಿಷ್ಟದಂತೆ ಗಾಜಿನ ಹಾಗಿರಲಿ. ನಿರ್ದೇಶಕರು ಸರಿ ಎಂದರು. ಹತ್ತು ಅಡಿ ದೂರಕ್ಕೆ ಗೀರು ಕಾಣಬೇಕು ಎಂಬ ಷರತ್ತು ಹಾಕಿದರು.

ಅಮೃತಶಿಲೆ ಮೆದು. ಸಾಧಾರಣ ಬಿಳಿ ಬೆಣಚುಕಲ್ಲಿನ ಚೂರು ಹಾಕಿದ್ದರೂ ಸಾಕಾಗುತ್ತಿತ್ತು. ಅವಳಿಗೆ ಅದು ಸಾಕೆನಿಸಲಿಲ್ಲ. ಮೂರು ವಾರ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಈಗ ಕಿವಿಗೆ ಕೇಳುವಂತೆ ಗೀರಬೇಕು ಎಂಬ ಹಟ ಹಿಡಿಯಿತು. ಸಾಣೆಚಕ್ರಕ್ಕೆ ಬಳಸುವ ಕುರುಂದದ ಹರಳುಗಳನ್ನು ತರಿಸಿದಳು. ಗಡಸುತನದಲ್ಲಿ ವಜ್ರ ಬಿಟ್ಟರೆ ಅದೇ. ಅಮೃತಶಿಲೆಗೆ ಅಂಥದ್ದು ಬೇಕಿರಲಿಲ್ಲ ಎಂಬುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗುರುವಾರದ ಪ್ರಯೋಗದಲ್ಲಿ ಚಪ್ಪಡಿಯ ಮೇಲೆ ನೇಗಿಲು ಹೂಡಿದಂಥ ಸಾಲುಗಳು ಬಿದ್ದವು. ಮೆಕ್ಯಾನಿಕ್ ಶಿಳ್ಳೆ ಹಾಕಿದ. ಅವಳು ಮೂರು ವಾರದಲ್ಲಿ ಮೊದಲ ಸಲ ನಕ್ಕಳು, ಆಮೇಲೆ ಅಮೃತಶಿಲೆಯ ಹೊಸ ಚಪ್ಪಡಿ ಹಾಸಲು ಹೇಳಿ ಮನೆಗೆ ಹೋದಳು.

ಅವಳು ಹೋದ ಮೇಲೆ ದಾನಿಗಳು ಬಂದರು. ಸಭಾಂಗಣ ಕಟ್ಟಿಸಿಕೊಟ್ಟವರು, ಶುಕ್ರವಾರದ ಮುಖ್ಯ ಅತಿಥಿಯೂ ಅವರೇ. ಸಿಮೆಂಟು, ಜಲ್ಲಿ, ರಸ್ತೆ ಅವರ ವ್ಯವಹಾರ. ಬೋಳುಗುಡ್ಡವನ್ನು ಪುಡಿ ಮಾಡಿದ್ದು ಅವರದೇ ಕ್ರಷರ್. ಇದು ಅವರಿಗೆ ನೆನಪಿರಲಿಲ್ಲ; ಅಷ್ಟು ಗುಡ್ಡಗಳಲ್ಲಿ ಯಾವುದೆಂದು ನೆನಪಿಟ್ಟುಕೊಳ್ಳುವುದು. ಅವರು ಬೆರಳಿನಿಂದ ಚಪ್ಪಡಿಯನ್ನು ತಟ್ಟಿ, ನಮ್ಮನೆ ಬಚ್ಚಲಲ್ಲೂ ಇದೇ ಕಲ್ಲು ಎಂದರು. ಅಷ್ಟೇ ಎಂದದ್ದು. ಕಾರು ಗೇಟು ದಾಟುವಷ್ಟರಲ್ಲಿ ನಿರ್ದೇಶಕರು ಕನ್ನಡಕ ಒರೆಸಿಕೊಂಡಿದ್ದರು.

ಅವರ ಲೆಕ್ಕಾಚಾರ ಹೀಗಿತ್ತು. ಯಂತ್ರ ಈಗ ಗೀರುತ್ತದೆ. ನಾದಿನಿಯ ಕಲ್ಲಿನ ಮೇಲೆ ಗೀರು ಈಗಾಗಲೇ ಇದೆ. ಎರಡನ್ನೂ ಸೇರಿಸಿದರೆ ಗೀರು ಬಿದ್ದರೂ ಸರಿ, ಬೀಳದಿದ್ದರೂ ಸರಿ. ಗೀರು ಬಿದ್ದ ಕಲ್ಲಿಗೆ ಇನ್ನೆರಡು ಗೀರು ಬಿದ್ದರೆ ಕೆಡುವುದಾದರೂ ಏನು. ಇಷ್ಟು ಸೊಗಸಾದ ತರ್ಕವನ್ನು ಹೂವಿನ ಪ್ರದರ್ಶನದಲ್ಲಿ ಕಲಿಯಲಾಗದು. ಅದಕ್ಕೆ ಸೋಫಾ, ಟ್ರ್ಯಾಕ್ಟರಿನ ಅನುಭವವೂ ಬೇಕು.

ಶುಕ್ರವಾರ ಬೆಳಿಗ್ಗೆ ಅವಳು ಕಾರ್ಖಾನೆಯ ಶೀತಲ ಕೋಣೆಯಲ್ಲಿದ್ದಳು. ಗಡ್ಡೆಯನ್ನು ಅಚ್ಚಿನಿಂದ ಬಿಡಿಸಿ, ಹೊಟ್ಟು ಮುಚ್ಚಿ, ವ್ಯಾನಿನಲ್ಲಿ ತಾನೇ ಜೊತೆಗೆ ಕೂತು ತಂದಳು. ಆ ಹೊತ್ತಿನಲ್ಲಿ ಮೆಕ್ಯಾನಿಕ್ ಇನ್ನು ಮೂವರನ್ನು ಸೇರಿಸಿಕೊಂಡು ಅವಳ ಕೋಣೆಯ ಕಲ್ಲನ್ನು ಚೌಕಟ್ಟಿಗೆ ಇಳಿಸಿ ಬೋಲ್ಟು ಬಿಗಿದಿದ್ದ. ಮೇಡಮ್ಮಿಗೆ ಗೊತ್ತಾ ಸಾರ್ ಎಂದು ಒಮ್ಮೆ ಕೇಳಿದ್ದ. ಮನೆಯವರಲ್ವಾ, ನಾನು ಹೇಳ್ಕೋತೀನಿ ಎಂದಿದ್ದರು ನಿರ್ದೇಶಕರು. ಗಡ್ಡೆ ಬರುವಷ್ಟರಲ್ಲಿ ಕಲ್ಲಿನ ಮೇಲೆ ನೀಲಿ ಮಖಮಲ್ಲು ಹೊದಿಸಿತ್ತು. ಗಡ್ಡೆಯನ್ನು ಹಳಿಯ ಈಚೆ ತುದಿಯಲ್ಲಿ ಕೂರಿಸಿದರು. ಅವಳು ತಳದ ಹರಳುಗಳನ್ನು ಕೈಯಿಂದ ಮುಟ್ಟಿ ನೋಡಿದಳು, ಬಿಗಿಯಾಗಿದ್ದವು. ಮಖಮಲ್ಲನ್ನು ಎತ್ತಿ ನೋಡುವ ಯೋಚನೆ ಅವಳಿಗೆ ಬರಲಿಲ್ಲ.

ದಾನಿಗಳು ನಮ್ಮ ಪ್ರಾಚೀನ ಶಿಲಾಸಂಪತ್ತಿನ ಬಗ್ಗೆ ಕಾಲು ಗಂಟೆ ಮಾತನಾಡಿದರು. ಬಂಡೆಗಳು ನಮ್ಮ ಹಿರಿಯರಿದ್ದ ಹಾಗೆ, ಅವನ್ನು ಉಳಿಸಿಕೊಳ್ಳಬೇಕು ಎಂದಾಗ ಚಪ್ಪಾಳೆ ಬಿತ್ತು. ಆಮೇಲೆ ಮಖಮಲ್ಲು ಎಳೆದರು, ಅದೇ ಉಸಿರಿನಲ್ಲಿ ಹಸಿರು ಗುಂಡಿ ಒತ್ತಿದರು.

ಮೂರನೆಯ ಸಾಲಿನಲ್ಲಿ ನಿಂತಿದ್ದ ಅವಳಿಗೆ ಮೊದಲು ಕೇಳಿಸಿದ್ದು ಸದ್ದು. ಅಮೃತಶಿಲೆ ಹಾಗೆ ಕಿರುಗುಟ್ಟುವುದಿಲ್ಲ. ಜನರ ಭುಜಗಳ ನಡುವಿನಿಂದ ನೋಡಿದಳು, ಕಲ್ಲಿನ ಬಣ್ಣ ಕಪ್ಪಾಗಿತ್ತು. ನುಗ್ಗಿಕೊಂಡು ಮುಂದೆ ಬಂದಳು. ಟಿವಿಯವರ ದೀಪದಲ್ಲಿ ಹಳೆಯ ಎರಡೂ ಸಾಲುಗಳು ಎಂದೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು, ಗಡ್ಡೆ ಅವುಗಳ ಮೇಲೆ ಹತ್ತಿ ಬರುತ್ತಿತ್ತು.

"ಭಾವ, ನಿಲ್ಸಿ," ಎಂದಳು. ಆ ಕಟ್ಟಡದಲ್ಲಿ ಅವಳು ಆ ಪದ ಬಳಸಿದ್ದು ಅದೇ ಮೊದಲು.

ನಿರ್ದೇಶಕರು ಕ್ಯಾಮೆರಾದ ಕಡೆಗೆ ನಗುತ್ತಲೇ ತುಟಿಯ ಅಂಚಿನಲ್ಲಿ ಉತ್ತರಿಸಿದರು. "ಎರಡು ನಿಮಿಷ ಕಣಮ್ಮ. ಮರ್ಯಾದೆ ತೆಗೀಬೇಡ."

ಅವಳು ಅವರ ಕಾಲ ಬಳಿ ಬಗ್ಗಿ ಮೋಟರಿನ ವೈರನ್ನು ಗೋಡೆಯಿಂದ ಕಿತ್ತಳು. ಗಡ್ಡೆ ಚಪ್ಪಡಿಯ ನಡುಮಧ್ಯದಲ್ಲಿ ನಿಂತಿತು.

ಪ್ರದರ್ಶನ ಮುಗಿಯಿತೆಂದು ತಿಳಿದ ದಾನಿಗಳು ಚಪ್ಪಾಳೆ ತಟ್ಟಿದರು, ಅವರು ತಟ್ಟಿದ್ದರಿಂದ ಎಲ್ಲರೂ ತಟ್ಟಿದರು. ದಾನಿಗಳು ಬಗ್ಗಿ ನೋಡಿ, ಗಡ್ಡೆ ಇನ್ನೂ ಮುಟ್ಟಿರದ ಅರ್ಧದ ಕಡೆ ಬೆರಳು ತೋರಿಸಿದರು. ಅಲ್ಲಿದ್ದದ್ದು ಕೋಟ್ಯಂತರ ವರ್ಷ ಹಿಂದಿನ ಗೀರು.

"ನೋಡ್ರೀ, ಎರಡೇ ನಿಮಿಷದಲ್ಲಿ ಎಷ್ಟು ಆಳಕ್ಕೆ ಗೀರಿದೆ," ಎಂದರು.

ಮರುದಿನ ಪತ್ರಿಕೆಯಲ್ಲಿ ಅದೇ ಅರ್ಧದ ಚಿತ್ರ ಬಂತು. ಯಂತ್ರ ಕಣ್ಣೆದುರೇ ಮೂಡಿಸಿದ ಗೀರುಗಳು ಎಂದು ಕೆಳಗೆ ಬರೆದಿತ್ತು. ಆ ಅಡಿಬರಹ ಬರೆದವನೂ ಸಭೆಯಲ್ಲಿದ್ದ, ಮುಂದಿನ ಸಾಲಿನಲ್ಲೇ ನಿಂತಿದ್ದ.

ಗಡ್ಡೆ ಎತ್ತಿಸಿ ನೋಡಿದಾಗ ಅರ್ಧ ಕಲ್ಲಿನ ಮೇಲೆ ಅಡ್ಡಕ್ಕೆ ಬೆಳ್ಳಗಿನ ಹೊಸ ಗೀರುಗಳು ಬಿದ್ದಿದ್ದವು. ಹಳೆಯ ಓರೆಸಾಲು ಆ ಭಾಗದಲ್ಲಿ ಬಹುಪಾಲು ಅಳಿಸಿಹೋಗಿತ್ತು. ಅವಳ ಹಟದ ಹರಳುಗಳು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದವು. ಹೋಟೆಲಿನವರ ಗಾಜಿನಂಥ ಗಡ್ಡೆಯೇ ಇದ್ದಿದ್ದರೆ ಆ ಕಲ್ಲಿಗೆ ಏನೂ ಆಗುತ್ತಿರಲಿಲ್ಲ. ಅವಳು ವಾದದಲ್ಲಿ ಗೆದ್ದ ಫಲ ಅದು. ಇದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಂಜೆ ನಿರ್ದೇಶಕರು ಕೋಣೆಗೆ ಕರೆದು ಬುದ್ಧಿ ಹೇಳಿದರು. ಎಲ್ಲರೆದುರು ಭಾವ ಎಂದು ಕೂಗಿದ್ದು ಶಿಸ್ತಿನ ಉಲ್ಲಂಘನೆ. ವೈರು ಕಿತ್ತದ್ದು ಸರ್ಕಾರಿ ಸ್ವತ್ತಿಗೆ ಹಾನಿ. ಕಲ್ಲಿನ ಮಾತು ಬಂದಾಗ ಅವರ ದನಿ ಮೆತ್ತಗಾಯಿತು, ನಿಜಕ್ಕೂ ಸಮಾಧಾನ ಮಾಡುವವರಂತೆ.

"ಸಮಿತಿಯೋರಿಗೆ ಗೀರು ತಾನೇ ಬೇಕಾಗಿರೋದು? ಈಗ ಇನ್ನೂ ಜಾಸ್ತಿ ಇದೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಮಾಡಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ. ದಾನಿಗಳು ಮೆಚ್ಚಿರುವುದರಿಂದ ಕಲ್ಲು ಇನ್ನು ಮುಂದೆ ಯಂತ್ರದಲ್ಲೇ ಇರುತ್ತದೆ, ಮಂಗಳವಾರದಿಂದ ದಿನಕ್ಕೆ ಎರಡು ಪ್ರದರ್ಶನ ಎಂದೂ ತಿಳಿಸಿದರು. ಸೋಮವಾರ ವಸ್ತುಸಂಗ್ರಹಾಲಯಕ್ಕೆ ರಜೆ.

ಭಾನುವಾರ ಮಧ್ಯಾಹ್ನ ಅಕ್ಕ ಫೋನು ಮಾಡಿದಳು. ಭಾವ ಶುಕ್ರವಾರದಿಂದ ಮುಖ ಊದಿಸಿಕೊಂಡಿದ್ದಾರೆ, ಒಂದು ಕಲ್ಲಿಗೋಸ್ಕರ ಮನೆಯೊಳಗೆ ಮಾತು ನಿಲ್ಲಬೇಕಾ ಎಂದು ಶುರುಮಾಡಿದಳು. ತಂಗಿ ಎಲ್ಲವನ್ನೂ ಹೇಳಿದಳು. ಮಂಗಳವಾರದಿಂದ ದಿನಕ್ಕೆರಡು ಸಲ ಎಂದರೆ ಉಳಿದ ಅರ್ಧ ವಾರದೊಳಗೆ ಹೋಗುತ್ತದೆ ಎಂದೂ ಹೇಳಿದಳು. ಇಪ್ಪತ್ತೆರಡು ವರ್ಷ ಒಬ್ಬ ಮನುಷ್ಯ ವಸ್ತುಗಳನ್ನು ಚೆಂದವಾಗಿ ಜೋಡಿಸಿಡುವುದನ್ನು ನೋಡಿದವಳು ಅಕ್ಕ. ಅವಳ ಹೊಲಿಗೆ ಯಂತ್ರ ಅಟ್ಟ ಸೇರಿದ್ದು ನಡುಮನೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂಬ ಕಾರಣಕ್ಕೆ.

"ಸೋಮವಾರ ಇವರನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀನಿ," ಎಂದಳು ಅಕ್ಕ. "ಕಣ್ಣಿಗೆ ಆ ಡ್ರಾಪ್ಸು ಹಾಕಿದ್ರೆ ಸಂಜೆವರೆಗೂ ಏನೂ ಕಾಣಲ್ಲ. ನಿಂಗೆ ಸುಮ್ನೆ ಹೇಳ್ದೆ."

ಸೋಮವಾರ ಹನ್ನೊಂದಕ್ಕೆ ಸಮಿತಿ ಬಂತು. ಒಬ್ಬರು ನಿವೃತ್ತ ಪ್ರಾಧ್ಯಾಪಕರು, ಪಠ್ಯಪುಸ್ತಕದ ಪಕ್ಷ. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ, ಪ್ರಾಧ್ಯಾಪಕರು ಏನೆನ್ನುತ್ತಾರೋ ಕಾದು ನೋಡುವ ಪಕ್ಷ. ಅವಳು ದೀಪ ಹಾಕಿ ಕಲ್ಲು ತೋರಿಸಿದಳು. ಹೊಸ ಗೀರುಗಳು ಯಂತ್ರದವು, ಹರಳು ಸೇರಿಸಿದ ಗಡ್ಡೆ ತಾನೇ ಮಾಡಿಸಿದ್ದು ಎಂದು ಕೇಳುವ ಮೊದಲೇ ಹೇಳಿದಳು. ಪ್ರಾಧ್ಯಾಪಕರು ಮೊದಲು ಯಂತ್ರವನ್ನು ನೋಡಿದರು, ಆಮೇಲೆ ಅವಳನ್ನು, ಕೊನೆಗೆ ಕಲ್ಲನ್ನು. ಭೂತಗನ್ನಡಿ ಹಿಡಿದು ಉಳಿದ ಅರ್ಧದ ಮೇಲೆ ಬಹಳ ಹೊತ್ತು ಬಗ್ಗಿದ್ದರು. ಅವರ ಮುಖ ಹುಳ್ಳಗಾಯಿತು. ನಲವತ್ತು ವರ್ಷ ಒಂದೇ ದಿಕ್ಕು ಎಂದು ಪಾಠ ಮಾಡಿದವರಿಗೆ ಎರಡನೆಯ ದಿಕ್ಕು ಕಂಡಾಗ ಆಗುವಂತೆ.

"ಇಲ್ಲಿ ಈ ಬೆಳಕಿನಲ್ಲಿ ಏನೂ ಹೇಳೋಕಾಗಲ್ಲ," ಎಂದರು. "ನಮ್ಮ ಪ್ರಯೋಗಶಾಲೇಲಿ ಅಳೀಬೇಕು. ಎರಡು ತಿಂಗಳು ಬೇಕು."

"ಇವತ್ತೇ ತಗೊಂಡು ಹೋಗ್ತೀರಾ?" ಎಂದಳು.

ನಿಯಮದ ಪ್ರಕಾರ ಸಂಸ್ಥೆಯ ಒಪ್ಪಿಗೆ ಬೇಕಲ್ಲ ಎಂದು ಅವರು ಅನುಮಾನಿಸಿದರು. ಕಲ್ಲು ಸಂಸ್ಥೆಯ ದಾಖಲೆಗೆ ಎಂದೂ ಸೇರಿಲ್ಲ, ಅರ್ಜಿ ಕೊಟ್ಟಾಗಲೆಲ್ಲ ಪ್ರದರ್ಶನಯೋಗ್ಯವಲ್ಲ ಎಂದು ವಾಪಸು ಬಂದಿದೆ ಎಂದು ಅವಳು ವಿವರಿಸಿದಳು. ಅದು ಸತ್ಯವೇ. ವಾಪಸು ಮಾಡಿದವರು ಭಾವ.

ಮೆಕ್ಯಾನಿಕ್ ರಜೆಯ ದಿನವೂ ಬಂದಿದ್ದ. ಅವಳು ಕರೆದಿರಲಿಲ್ಲ, ಬಾಗಿಲ ಬಳಿ ಭಾರ ಎತ್ತುವ ಚೈನ್ ಪುಲ್ಲಿ ಹೆಗಲಿಗೇರಿಸಿ ನಿಂತಿದ್ದ. ಶುಕ್ರವಾರದಿಂದ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು.

"ಕೂರಿಸಿದ್ದು ನಾನೇ ಅಲ್ವಾ ಮೇಡಂ," ಎಂದ. "ಸಾಹೇಬ್ರು ಕೇಳಿದ್ರೆ ನಾನು ಊರಲ್ಲೇ ಇರಲಿಲ್ಲ."

ಬೋಲ್ಟು ಬಿಚ್ಚಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎತ್ತಲು ಬಹಳ ಹೊತ್ತು ಹಿಡಿಯಿತು. ಅವರಿಬ್ಬರು, ಅವಳು ಫೋನು ಮಾಡಿ ಕರೆಸಿದ ಮಂಜುಗಡ್ಡೆ ಕಾರ್ಖಾನೆಯ ವ್ಯಾನಿನ ಚಾಲಕ ಮತ್ತು ಕೋಟು ಬಿಚ್ಚಿದ ಪ್ರಾಧ್ಯಾಪಕರು ಸೇರಿ ಕಲ್ಲನ್ನು ವ್ಯಾನಿಗೆ ಏರಿಸಿದರು. ವಿದ್ಯಾರ್ಥಿನಿ ಮುಂದೆ ನಿಂತು ಹಿಂದೆ, ಹಿಂದೆ ಎಂದು ಕೈಸನ್ನೆ ಮಾಡಿದರು. ವ್ಯಾನು ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಗೇಟು ದಾಟಿತು. ಅವಳು ಕಲ್ಲಿನ ಪಕ್ಕದಲ್ಲೇ, ಹೊಟ್ಟಿನ ಮೇಲೆ ಕೂತಿದ್ದಳು.

ಮಂಗಳವಾರ ಮೊದಲ ಪ್ರದರ್ಶನಕ್ಕೆ ಬಂದ ಶಾಲೆಯ ಮಕ್ಕಳಿಗೆ ಖಾಲಿ ಚೌಕಟ್ಟು ತೋರಿಸಲಾಯಿತು. ಮಧ್ಯಾಹ್ನ ನಿರ್ದೇಶಕರು ಪೊಲೀಸರಿಗೆ ದೂರು ಕೊಟ್ಟರು. ಕಳುವಾದ ವಸ್ತು ಯಾವುದು, ವಿವರಿಸಿ ಎಂದು ಪೇದೆ ಕೇಳಿದ್ದಕ್ಕೆ, ಗೀರು ಬಿದ್ದ ಹಳೇ ಕಲ್ಲು, ಒಂದು ಎಂದು ಬರೆಸಿದರು. ಪೇದೆ ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ತನಿಖೆ ನಡೆಯಲಿಲ್ಲ.

ಸಮಿತಿಯ ವರದಿ ಎರಡಲ್ಲ, ನಾಲ್ಕು ತಿಂಗಳಿಗೆ ಬಂತು. ಹಿಮ ಎರಡು ದಿಕ್ಕಿನಿಂದ ಬಂದಿದೆ ಎಂದು ಅದು ಒಪ್ಪಿಕೊಂಡಿತು. ಒಂದು ಪ್ರತಿಯನ್ನು ವಸ್ತುಸಂಗ್ರಹಾಲಯಕ್ಕೂ ಕಳಿಸಿದರು. ಅಲ್ಲಿ ಆ ವೇಳೆಗೆ ಭೂವಿಜ್ಞಾನಿಯ ಹುದ್ದೆ ಇರಲಿಲ್ಲ.